ಮತ್ತೆ ತಟ್ಟೆಗೆ ಬಂದ ಅಪೋಲೋ ಸಂಗೀತ

ಮನುಷ್ಯ ಮೊದಲ ಸಲ ಚಂದ್ರನ ಮೇಲೆ ಕಾಲಿಟ್ಟಾಗ ನಮ್ಮ ಗಡಿಯಾರಗಳಲ್ಲಿ 1969ರ ಜುಲೈ 21ರ ಬೆಳಿಗ್ಗೆ ಎಂಟೂವರೆಯ ಹೊತ್ತು. ಕರ್ನಾಟಕದಲ್ಲಿ ಆಗ ಟೆಲಿವಿಷನ್ ಇರಲಿಲ್ಲ. ಬೆಂಗಳೂರು ದೂರದರ್ಶನ ಬಂದದ್ದೇ 1981ರಲ್ಲಿ. ನಮ್ಮ ಹಿರಿಯರು ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದರು, ಪತ್ರಿಕೆಯಲ್ಲಿ ಚಿತ್ರ ನೋಡಿದರು, ಉಳಿದದ್ದನ್ನು ಊಹಿಸಿಕೊಂಡರು. ಇಂಗ್ಲೆಂಡಿನಲ್ಲಿ ಅದೇ ದೃಶ್ಯವನ್ನು ಟಿ.ವಿ.ಯಲ್ಲಿ ಕಂಡವರ ಪೈಕಿ ಬ್ರಯಾನ್ ಈನೋ ಎಂಬ ಇಪ್ಪತ್ತೊಂದು ವರ್ಷದ ಕಲಾ ವಿದ್ಯಾರ್ಥಿಯೂ ಒಬ್ಬರು. ಅವರಿಗೆ ಆದದ್ದು ನಿರಾಶೆ. ಚಿತ್ರ ಮಬ್ಬು, ಅದರ ಮೇಲೆ ತಜ್ಞರ ಎಡೆಬಿಡದ ಮಾತು. ಘಟನೆಯ ಭವ್ಯತೆಯೂ ವಿಚಿತ್ರವೂ ಈ ಗದ್ದಲದಲ್ಲಿ ಮುಚ್ಚಿಹೋದವು ಎಂದು ಅವರು ಮುಂದೆ ಬರೆದರು.

ಹದಿನಾಲ್ಕು ವರ್ಷಗಳ ನಂತರ, 1983ರಲ್ಲಿ, ಅದೇ ಈನೋ ತಮ್ಮ ಸೋದರ ರೋಜರ್ ಈನೋ ಮತ್ತು ಕೆನಡಾದ ಡ್ಯಾನಿಯಲ್ ಲಾನ್ವಾ ಅವರ ಜೊತೆಗೂಡಿ ಚಂದ್ರಯಾನದ ಮೇಲೊಂದು ಧ್ವನಿಮುದ್ರಿಕೆ ತಂದರು. ಹೆಸರು ‘ಅಪೋಲೋ: ಅಟ್ಮಾಸ್ಫಿಯರ್ಸ್ ಅಂಡ್ ಸೌಂಡ್‌ಟ್ರ್ಯಾಕ್ಸ್’. ಅದರಲ್ಲಿ ಹನ್ನೆರಡು ರಚನೆಗಳಿವೆ, ಒಂದರಲ್ಲೂ ಹಾಡುಗಾರನಿಲ್ಲ. ಚಂದ್ರಸ್ಪರ್ಶಕ್ಕೆ ಐವತ್ತು ವರ್ಷ ತುಂಬಿದ 2019ರ ಜುಲೈಯಲ್ಲಿ ಅದು ಮತ್ತೆ ವಿನೈಲ್ ತಟ್ಟೆಯಾಗಿ ಬಂತು. ಈ ಸಲ ತಟ್ಟೆಗಳು ಎರಡು. ಒಂದರಲ್ಲಿ ಹಳೆಯದು, ಇನ್ನೊಂದರಲ್ಲಿ ಮೂವರೂ ಸೇರಿ ಹೊಸದಾಗಿ ಮಾಡಿದ ಹನ್ನೊಂದು ರಚನೆಗಳು.

ಸಂಗೀತ ವಿಮರ್ಶೆ ನನ್ನ ಕಸುಬಲ್ಲ. ಆದರೆ ‘ಚಂದ್ರನ ಗುರುತ್ವ ಭೂಮಿಯ ಆರನೇ ಒಂದು ಭಾಗ’ ಎಂಬುದನ್ನು ಎರಡು ಅಂಕದ ಪ್ರಶ್ನೆಯಾಗಿ ವರ್ಷಾನುವರ್ಷ ಬರೆಸುವವನಿಗೆ ಈ ತಟ್ಟೆ ಬೇರೆಯದೇ ಕಾರಣಕ್ಕೆ ಮುಖ್ಯವೆನಿಸಿತು. ಕೌತುಕದ ಸಂಗತಿಯನ್ನು ವಿವರಿಸುವ ಭರದಲ್ಲಿ ಕೌತುಕವನ್ನೇ ಕೊಲ್ಲುವುದು ಟಿ.ವಿ.ಯವರಿಗೆ ಮಾತ್ರ ಬರುವ ವಿದ್ಯೆಯಲ್ಲ. ಮೇಷ್ಟ್ರುಗಳಿಗೂ ಅದು ಚೆನ್ನಾಗಿ ಬರುತ್ತದೆ.

ಮಬ್ಬು ಚಿತ್ರ, ಮುಗಿಯದ ಮಾತು

ಅಂದಿನ ಚಿತ್ರ ಮಬ್ಬಾಗಿದ್ದುದಕ್ಕೆ ಕಾರಣವಿದೆ. ಚಂದ್ರನಿಂದ ಭೂಮಿಗೆ ಸರಾಸರಿ 3,84,400 ಕಿಲೋಮೀಟರ್. ಅಷ್ಟು ದೂರದಿಂದ ಪೂರ್ಣ ಪ್ರಮಾಣದ ಟಿ.ವಿ. ಸಂಕೇತ ಕಳಿಸುವಷ್ಟು ಸೌಕರ್ಯ ಅಪೋಲೋ 11ರ ಪುಟ್ಟ ನೌಕೆಯಲ್ಲಿರಲಿಲ್ಲ. ಹಾಗಾಗಿ ಅದರ ಕ್ಯಾಮೆರಾ ಸೆಕೆಂಡಿಗೆ ಹತ್ತೇ ಚಿತ್ರಗಳನ್ನು, ಚಿತ್ರವೊಂದಕ್ಕೆ 320 ಗೆರೆಗಳಂತೆ ಕಳಿಸಿತು. ಮನೆಯ ಟಿ.ವಿ.ಗಳು ಇದನ್ನು ಹಾಗೇ ತೋರಿಸಲಾರವು. ಭೂಮಿಯ ಕೇಂದ್ರಗಳಲ್ಲಿ ಆ ಚಿತ್ರವನ್ನು ಒಂದು ಪರದೆಯ ಮೇಲೆ ಮೂಡಿಸಿ, ಅದರ ಎದುರು ಮಾಮೂಲಿ ಟಿ.ವಿ. ಕ್ಯಾಮೆರಾ ಇಟ್ಟು ಮತ್ತೆ ಚಿತ್ರೀಕರಿಸಿದರು. ಜನ ಕಂಡದ್ದು ಹೀಗೆ ಚಿತ್ರದ ಚಿತ್ರವನ್ನು.

ನಿಜವಾದ ಚಿತ್ರಗಳು ಬೇರೆ ಇದ್ದವು. ಗಗನಯಾತ್ರಿಗಳು ಫಿಲಂ ಸುರುಳಿಗಳ ಮೇಲೆ ತೆಗೆದು ತಂದ ದೃಶ್ಯಗಳು ಕನ್ನಡಿಯಂತೆ ಸ್ಪಷ್ಟ. ಅವು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಉಗ್ರಾಣದಲ್ಲಿ ಬಿದ್ದಿದ್ದವು. ಟೆಕ್ಸಾಸಿನ ಪತ್ರಕರ್ತ ಆಲ್ ರೈನರ್ಟ್ ಈ ಲಕ್ಷಾಂತರ ಅಡಿ ಫಿಲಂ ಜಾಲಾಡಿ, ಬೇರೆ ಬೇರೆ ಯಾನಗಳ ದೃಶ್ಯಗಳನ್ನು ಒಂದೇ ಪಯಣವೆಂಬಂತೆ ಜೋಡಿಸಿ ಚಿತ್ರ ಮಾಡಲು ಹೊರಟರು. ನಿರೂಪಕ ಬೇಡ, ತಜ್ಞ ಬೇಡ, ದೃಶ್ಯ ಮತ್ತು ಸಂಗೀತ ಎರಡೇ ಸಾಕು ಎಂಬುದು ಅವರ ಎಣಿಕೆ. ಸಂಗೀತಕ್ಕೆ ಈನೋ ಅವರನ್ನು ಕೇಳಿದರು. ಹಳೆಯ ನಿರಾಶೆಯನ್ನು ತೀರಿಸಿಕೊಳ್ಳಲು ಅವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ.

ಇಪ್ಪತ್ತೇಳು ದಿನದ ಲೆಕ್ಕ

ಅಷ್ಟರಲ್ಲಿ ಈನೋ ‘ಆಂಬಿಯೆಂಟ್’ ಎಂಬ ಸಂಗೀತ ಪ್ರಕಾರಕ್ಕೆ ಹೆಸರು ಕೊಟ್ಟವರೆಂದು ಪ್ರಸಿದ್ಧರಾಗಿದ್ದರು. ಸುತ್ತಲಿನ ವಾತಾವರಣದಲ್ಲೇ ಬೆರೆತುಹೋಗುವ ಸಂಗೀತ ಎಂದು ಇದನ್ನು ವಿವರಿಸಬಹುದು. ಕೇಳಬೇಕೆಂದರೆ ಕೇಳಲು ಏನಾದರೂ ಇರುತ್ತದೆ. ಬೇಡವೆಂದರೆ ಅದು ನಿಮ್ಮ ತೋಳು ಹಿಡಿದು ಎಳೆಯುವುದಿಲ್ಲ. ಫ್ರಾನ್ಸಿನ ಎರಿಕ್ ಸಾತಿ 1917ರಲ್ಲೇ ಮೇಜು ಕುರ್ಚಿಗಳಂತೆ ಕೋಣೆಯಲ್ಲಿ ಸುಮ್ಮನೆ ಇರುವ ಸಂಗೀತದ ಪ್ರಯೋಗ ಮಾಡಿದ್ದರು. ಈನೋ ಅವರಿಗೆ ಇದು ಹೊಳೆದದ್ದು ಅಪಘಾತವೊಂದರ ಫಲವಾಗಿ. 1975ರ ಆರಂಭದಲ್ಲಿ ಲಂಡನ್ನಿನಲ್ಲಿ ಅವರಿಗೆ ಟ್ಯಾಕ್ಸಿ ಬಡಿಯಿತು. ಮನೆಗೆ ಬಂದು ಮಲಗಿದ್ದಾಗ ನೋಡಲು ಬಂದ ಗೆಳತಿ ಹಾರ್ಪ್ ವಾದ್ಯದ ತಟ್ಟೆಯೊಂದನ್ನು ತಂದುಕೊಟ್ಟರು. ಅದನ್ನು ಹಾಕಿ ಮಲಗಿದ ಮೇಲೆ ಗೊತ್ತಾಯಿತು, ಸದ್ದು ತೀರಾ ಸಣ್ಣದು, ಒಂದು ಬದಿಯ ಸ್ಪೀಕರ್ ಬೇರೆ ಕೆಟ್ಟಿದೆ. ಎದ್ದು ಸರಿಮಾಡುವ ತ್ರಾಣವಿಲ್ಲ. ಹೊರಗೆ ಮಳೆ. ಮಳೆಯ ಸದ್ದಿನ ನಡುವೆ ಹಾರ್ಪಿನ ದೊಡ್ಡ ಸ್ವರಗಳಷ್ಟೇ ಅಲ್ಲೊಂದು ಇಲ್ಲೊಂದು ತೇಲಿ ಬಂದವು. ಸಂಗೀತವನ್ನು ಹೀಗೂ ಕೇಳಬಹುದಲ್ಲ ಎಂದುಕೊಂಡರಂತೆ.

ನಮಗೆ ಇದು ತೀರಾ ಅಪರಿಚಿತವಲ್ಲ. ಕಚೇರಿ ಶುರುವಾಗುವ ಮುನ್ನ ಐದು ನಿಮಿಷ ಬರೀ ತಂಬೂರಿ ಮೀಟುತ್ತಿರುವಾಗ ಸಭೆಯಲ್ಲಿ ಏನಾಗುತ್ತದೆ ನೆನಪಿಸಿಕೊಳ್ಳಿ. ಯಾರೂ ಅದನ್ನು ‘ಕೇಳುತ್ತಿರುವುದಿಲ್ಲ’, ಆದರೂ ಸಭಾಂಗಣ ಬದಲಾಗಿರುತ್ತದೆ. ಈ ಹೋಲಿಕೆ ಪೂರ್ತಿ ಕಾಕತಾಳೀಯವೂ ಅಲ್ಲ. ವಿದ್ಯಾರ್ಥಿಯಾಗಿದ್ದಾಗ ಈನೋ ಅಮೆರಿಕದ ಲಾ ಮಾಂಟ್ ಯಂಗ್ ಅವರ ರಚನೆಯನ್ನು ನುಡಿಸಿದ್ದರು. ಒಂದೇ ಸ್ವರವನ್ನು ಬಹಳ ಹೊತ್ತು ಹಿಡಿದು ನಿಲ್ಲಿಸುವುದರಲ್ಲಿ ಎತ್ತಿದ ಕೈ ಈ ಯಂಗ್. 1970ರಲ್ಲಿ ಅವರು ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರು ಕಿರಾಣಾ ಘರಾಣೆಯವರು. ನಮ್ಮ ಕುಂದಗೋಳದ ಸವಾಯಿ ಗಂಧರ್ವರ, ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರ ಘರಾಣೆಯೂ ಅದೇ. ಹಾಗೆಂದು ಅಪೋಲೋ ಸಂಗೀತ ಧಾರವಾಡದಿಂದ ಹೋಯಿತು ಎಂದು ಹೇಳಿಕೊಂಡು ತಿರುಗಬೇಡಿ. ದೂರದ ನೆಂಟಸ್ತನ, ಅಷ್ಟೆ.

ಈನೋ ಕೆಲಸ ಮಾಡುವ ರೀತಿಯಲ್ಲಿ ಗಣಿತವೂ ಇದೆ. 1978ರ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಎಂಬ ತಟ್ಟೆಯ ಒಂದು ರಚನೆಗೆ ಅವರು ಬೇರೆ ಬೇರೆ ಉದ್ದದ ಟೇಪುಗಳಲ್ಲಿ ತಲಾ ಒಂದು ಸ್ವರವನ್ನಷ್ಟೇ ಮುದ್ರಿಸಿದರು. ಪ್ರತಿ ಟೇಪಿನ ಎರಡು ತುದಿಗಳನ್ನು ಅಂಟಿಸಿ ಮಾಲೆ ಮಾಡಿದರು. ಮಾಲೆ ಎಷ್ಟು ದೊಡ್ಡದೆಂದರೆ ಸ್ಟುಡಿಯೋದ ಅಲ್ಯೂಮಿನಿಯಂ ಕುರ್ಚಿಗಳ ಸುತ್ತ ಅದನ್ನು ಹಾಯಿಸಬೇಕಾಯಿತು. 1996ರ ಒಂದು ಭಾಷಣದಲ್ಲಿ ಅವರು ಮೂರು ಮಾಲೆಗಳ ಲೆಕ್ಕ ಕೊಟ್ಟರು. ಒಂದು 23½ ಸೆಕೆಂಡಿಗೊಮ್ಮೆ, ಇನ್ನೊಂದು ಸುಮಾರು 25⅞ ಸೆಕೆಂಡಿಗೊಮ್ಮೆ, ಮತ್ತೊಂದು ಸುಮಾರು 29 15/16 ಸೆಕೆಂಡಿಗೊಮ್ಮೆ ಮರುಕಳಿಸುತ್ತದೆ.

ಈಗ ಹತ್ತನೇ ತರಗತಿಯವರು ಪೆನ್ಸಿಲ್ ತೆಗೆದುಕೊಳ್ಳಿ. ಮೂರೂ ಒಟ್ಟಿಗೆ ಶುರುವಾದರೆ ಮತ್ತೆ ಒಟ್ಟಿಗೆ ಬರುವುದು ಯಾವಾಗ? ಸೆಕೆಂಡಿನ ಹದಿನಾರನೇ ಒಂದು ಭಾಗವನ್ನು ಏಕಮಾನವಾಗಿಟ್ಟರೆ ಇವು 376, 414 ಮತ್ತು 479 ಆಗುತ್ತವೆ. ಇವುಗಳ ಲ.ಸಾ.ಅ. 3,72,81,528. ಹದಿನಾರರಿಂದ ಭಾಗಿಸಿ ಸೆಕೆಂಡುಗಳನ್ನು ದಿನಕ್ಕೆ ತಿರುಗಿಸಿದರೆ ಸುಮಾರು 27 ದಿನ! ಮೂರೇ ಮೂರು ಸ್ವರಗಳು ತಿಂಗಳುಗಟ್ಟಲೆ ಹಳತಾಗದೆ ಉಳಿಯಲು ಇದೇ ಗುಟ್ಟು. (ಚಂದ್ರ ಭೂಮಿಯನ್ನು ಒಂದು ಸುತ್ತು ಬರಲು 27.3 ದಿನ ಬೇಕು. ಇದು ಶುದ್ಧ ಆಕಸ್ಮಿಕ. ಜ್ಯೋತಿಷಿಗಳಿಗೆ ಹೇಳಬೇಡಿ.)

ಗಗನಕ್ಕೆ ಹೋದ ಹಳ್ಳಿಹಾಡು

ಅಪೋಲೋ ಧ್ವನಿಮುದ್ರಣ ನಡೆದದ್ದು ಕೆನಡಾದ ಹ್ಯಾಮಿಲ್ಟನ್ ಊರಿನಲ್ಲಿ, ಲಾನ್ವಾ ಸೋದರರು ನಡೆಸುತ್ತಿದ್ದ ಗ್ರಾಂಟ್ ಅವೆನ್ಯೂ ಸ್ಟುಡಿಯೋದಲ್ಲಿ. ಮೂವರ ಹಿನ್ನೆಲೆ ಬೇರೆ ಬೇರೆ. ಬ್ರಯಾನ್ ಈನೋ ತಮ್ಮನ್ನು ಸಂಗೀತಗಾರನೇ ಅಲ್ಲ ಎಂದು ಕರೆದುಕೊಳ್ಳುವವರು, ಟೇಪ್ ರೆಕಾರ್ಡರೇ ಅವರ ವಾದ್ಯ. ಹನ್ನೊಂದು ವರ್ಷ ಚಿಕ್ಕವರಾದ ತಮ್ಮ ರೋಜರ್ ಸಂಗೀತವನ್ನು ಕ್ರಮವಾಗಿ ಕಲಿತವರು, ಇದು ಅವರ ಮೊದಲ ಧ್ವನಿಮುದ್ರಿಕೆ. ಲಾನ್ವಾ ಸ್ಟುಡಿಯೋ ತಂತ್ರಜ್ಞರೂ ಹೌದು, ಗಿಟಾರ್ ವಾದಕರೂ ಹೌದು.

ರೈನರ್ಟ್ ಅವರಿಂದ ಈನೋ ಅವರಿಗೆ ಒಂದು ಸಂಗತಿ ತಿಳಿದಿತ್ತು. ಗಗನಯಾತ್ರಿಗಳು ಚಂದ್ರನತ್ತ ಹೋಗುವಾಗ ತಮಗೆ ಇಷ್ಟವಾದ ಹಾಡುಗಳ ಕ್ಯಾಸೆಟ್ ಒಯ್ಯುತ್ತಿದ್ದರು. ಟಿಪ್ಪಣಿ ಮುದ್ರಿಸಿಕೊಳ್ಳಲೆಂದು ಕೊಟ್ಟಿದ್ದ ಸೋನಿ ಕಂಪನಿಯ ಅಂಗೈಯಗಲದ ಟೇಪ್ ರೆಕಾರ್ಡರಿನಲ್ಲಿ ಅವನ್ನು ಕೇಳುತ್ತಿದ್ದರು. ಅವುಗಳಲ್ಲಿ ಹೆಚ್ಚಿನವು ‘ಕಂಟ್ರಿ’ ಹಾಡುಗಳು, ಅಂದರೆ ಅಮೆರಿಕದ ಹಳ್ಳಿಗಾಡಿನ, ದನ ಕಾಯುವವರ, ಗಡಿ ದಾಟಿ ಪಶ್ಚಿಮಕ್ಕೆ ವಲಸೆ ಹೋದವರ ನೆನಪಿನ ಹಾಡುಗಳು. ಎಂಥ ಸೊಗಸಾದ ವಿವರ ನೋಡಿ. ಅತ್ಯಾಧುನಿಕ ಯಂತ್ರದೊಳಗೆ ಕೂತವರಿಗೆ ಬೇಕಾದದ್ದು ಊರಿನ ಹಾಡು.

ಹಾಗಾಗಿ ಅಪೋಲೋ ಸಂಗೀತದೊಳಗೆ ಕಂಟ್ರಿ ಹಾಡಿನ ಮುಖ್ಯ ವಾದ್ಯವಾದ ಪೆಡಲ್ ಸ್ಟೀಲ್ ಗಿಟಾರ್ ಬಂತು. ನುಡಿಸಿದವರು ಲಾನ್ವಾ. ಇದು ಮೇಜಿನಂತೆ ಅಡ್ಡ ಮಲಗಿರುವ ವಾದ್ಯ. ತಂತಿಗಳ ಮೇಲೆ ಉಕ್ಕಿನ ಸಣ್ಣ ಕಡ್ಡಿಯನ್ನು ಜಾರಿಸಿದರೆ ಸ್ವರವೂ ಜಾರುತ್ತದೆ. ಕಾಲಿನ ಪೆಡಲ್ ಒತ್ತಿದರೆ ತಂತಿಯ ಬಿಗಿ ಬದಲಾಗಿ ಸ್ಥಾಯಿ ಏರುತ್ತದೆ ಅಥವಾ ಇಳಿಯುತ್ತದೆ. ನಮ್ಮ ಗೋಟುವಾದ್ಯ ಕೇಳಿದವರಿಗೆ ಈ ಜಾರುವಿಕೆ ಹೊಸದಲ್ಲ. ಮೆಟ್ಟಿಲು ಹತ್ತಿದಂತೆ ಅಲ್ಲ, ಇಳಿಜಾರಿನಲ್ಲಿ ಸರಿದಂತೆ. ಈ ಮಾರ್ಗದ ರಚನೆಯೊಂದಕ್ಕೆ ‘ವೇಟ್‌ಲೆಸ್’, ಅಂದರೆ ತೂಕವಿಲ್ಲದ್ದು, ಎಂದೇ ಹೆಸರಿಟ್ಟಿದ್ದಾರೆ.

ತೂಕವಿಲ್ಲದ ಈ ಭಾವನೆ ಬರುವುದು ಹೇಗೆ? ಯಾವುದೇ ಸ್ವರಕ್ಕೂ ಒಂದು ‘ಹೊಡೆತ’ ಇರುತ್ತದೆ. ಬೆರಳು ತಂತಿಯನ್ನು ಮೀಟಿದ, ಸುತ್ತಿಗೆ ಪಿಯಾನೋ ತಂತಿಗೆ ಬಡಿದ ಮೊದಲ ಕ್ಷಣ ಅದು. ಇದು ವೀಣೆ, ಇದು ಪಿಯಾನೋ ಎಂದು ಕಿವಿ ಗುರುತಿಸುವುದು ಬಹುಪಾಲು ಆ ಕ್ಷಣದಿಂದ. ಅದನ್ನು ಮೃದುಗೊಳಿಸಿ, ಸ್ವರ ಎಲ್ಲಿಂದಲೋ ಮೆಲ್ಲಗೆ ಊದಿಕೊಂಡಂತೆ ಮಾಡಿದರೆ ಕಿವಿಗೆ ಆಧಾರ ತಪ್ಪುತ್ತದೆ. ಯಾರೋ ಬಡಿದರು, ಎಳೆದರು ಎಂಬ ಬಲದ ಸುಳಿವೇ ಇರುವುದಿಲ್ಲ. ಅದಕ್ಕೆ ದೀರ್ಘ ಅನುರಣನ ಸೇರಿಸಿದರೆ ಕೇಳುವವನಿಗೆ ತಾನು ಬಹು ದೊಡ್ಡ ಜಾಗದಲ್ಲಿದ್ದೇನೆ ಎನಿಸುತ್ತದೆ.

ವಿಜ್ಞಾನದ ಮೇಷ್ಟ್ರು ಇಲ್ಲಿ ಕೈಯೆತ್ತಲೇಬೇಕು. ಚಂದ್ರನ ಮೇಲೆ ಗಾಳಿಯಿಲ್ಲ. ಗಾಳಿಯಿಲ್ಲದೆ ಸದ್ದಿಲ್ಲ, ಸದ್ದಿಲ್ಲದೆ ಪ್ರತಿಧ್ವನಿಯಿಲ್ಲ. ಹಾಗಿರುವಾಗ ಚಂದ್ರನ ಸಂಗೀತಕ್ಕೆ ಇಷ್ಟೊಂದು ಪ್ರತಿಧ್ವನಿ ತುಂಬಿದ್ದು ಅಪ್ಪಟ ಸುಳ್ಳು. ಗಗನಯಾತ್ರಿಗಳು ನಿಜವಾಗಿ ಕೇಳುತ್ತಿದ್ದುದು ತಮ್ಮ ಉಡುಪಿನೊಳಗಿನ ಫ್ಯಾನು ಮತ್ತು ಪಂಪುಗಳ ಗುಂಯ್‌ಗುಟ್ಟುವಿಕೆ, ತಮ್ಮದೇ ಉಸಿರು, ರೇಡಿಯೋದಲ್ಲಿ ಬರುವ ಭೂಮಿಯ ಮಾತು. ಆದರೆ ಸುಳ್ಳಿನಲ್ಲೂ ಒಂದು ಉಪಯುಕ್ತ ಜಾತಿಯಿದೆ. ಅಗಾಧ ದೂರವನ್ನು ಕಣ್ಣಿಗೆ ತೋರಿಸಬಹುದು, ಕಿವಿಗೆ ತೋರಿಸಬೇಕಾದರೆ ಪ್ರತಿಧ್ವನಿಯಲ್ಲದೆ ಬೇರೆ ದಾರಿ ಎಲ್ಲಿದೆ? ಭೂಪಟದಲ್ಲಿ ದೇಶಗಳಿಗೆ ಬಣ್ಣ ಹಾಕುವುದಿಲ್ಲವೇ, ಹಾಗೆ.

ಮಾತಿಲ್ಲದ ಚಿತ್ರಕ್ಕೆ ಬಂದ ಗತಿ

ರೈನರ್ಟ್ ಅವರ ಮೂಲ ಚಿತ್ರ, ನಿರೂಪಣೆಯೇ ಇಲ್ಲದ್ದು, ಕೆಲವು ಚಿತ್ರಮಂದಿರಗಳಲ್ಲಿ ಪ್ರದರ್ಶನ ಕಂಡಿತು. ಪ್ರೇಕ್ಷಕರು ಅಷ್ಟಾಗಿ ಒಲಿಯಲಿಲ್ಲ. ಮತ್ತೆ ಕತ್ತರಿ ಹಿಡಿದು, ಗಗನಯಾತ್ರಿಗಳು ತಮ್ಮ ಅನುಭವ ಹೇಳಿಕೊಂಡ ಧ್ವನಿಯನ್ನು ಸೇರಿಸಿ, ಸಂಗೀತವನ್ನೂ ಅಲ್ಲಲ್ಲಿ ಬದಲಿಸಿ 1989ರಲ್ಲಿ ‘ಫಾರ್ ಆಲ್ ಮ್ಯಾನ್‌ಕೈಂಡ್’ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದರು. ಅದು ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಬಹುಮಾನ ಪಡೆಯಿತು, ಆಸ್ಕರ್ ನಾಮಕರಣವನ್ನೂ ಪಡೆಯಿತು. ಮೌನ ಮಾರುಕಟ್ಟೆಯಲ್ಲಿ ಓಡುವುದಿಲ್ಲ ಎಂಬುದಕ್ಕೆ ಇದನ್ನು ಉದಾಹರಣೆಯಾಗಿ ಹೇಳಬಹುದು. ಆದರೆ ನನಗೆ ಈ ಎರಡನೆಯ ರೂಪವೇ ಇಷ್ಟ. ಅಲ್ಲಿ ಮಾತಾಡುವವರು ಹೋಗಿಬಂದವರು. ಅವರು ವಿವರಿಸುವುದಿಲ್ಲ, ಕಂಡದ್ದನ್ನು ಹೇಳುತ್ತಾರೆ. ಈ ವ್ಯತ್ಯಾಸವನ್ನು ನಾವು ಶಿಕ್ಷಕರು ಗಮನಿಸಬೇಕು.

ಸಂಗೀತ ಮಾತ್ರ ಚಿತ್ರವನ್ನು ಕಾಯದೆ ತನ್ನ ದಾರಿ ಹಿಡಿದಿತ್ತು. ‘ಆ್ಯನ್ ಎಂಡಿಂಗ್’ ಎಂಬ ನಾಲ್ಕೂವರೆ ನಿಮಿಷದೊಳಗಿನ ರಚನೆ ‘ಟ್ರಾಫಿಕ್’ (2000), ‘28 ಡೇಸ್ ಲೇಟರ್’ (2002) ಮುಂತಾದ ಚಿತ್ರಗಳಲ್ಲಿ ಬಳಕೆಯಾಯಿತು. ಹೆಸರು ಗೊತ್ತಿಲ್ಲದೆಯೇ ಅದನ್ನು ಕೇಳಿದವರು ಬಹಳ ಮಂದಿ. 2009ರಲ್ಲಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಚಂದ್ರಯಾನದ ದೃಶ್ಯಗಳ ಎದುರು ‘ಐಸ್‌ಬ್ರೇಕರ್’ ತಂಡ ಇಡೀ ಧ್ವನಿಮುದ್ರಿಕೆಯನ್ನು ನೇರವಾಗಿ ನುಡಿಸಿತು.

ನಾನೂರು ಮೀಟರ್ ಗೀರು

2019ರ ಮರುಮುದ್ರಣಕ್ಕೆ ಹಳೆಯ ಧ್ವನಿಯನ್ನು ಹದಗೊಳಿಸಿದವರು ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದ ಮೈಲ್ಸ್ ಶೋವೆಲ್. ಹೊಸ ಹನ್ನೊಂದರಲ್ಲಿ ಲಾನ್ವಾ ಮೂರನ್ನು, ರೋಜರ್ ಮೂರನ್ನು ರಚಿಸಿದರು. ಹೊಸವು ಚೆನ್ನಾಗಿವೆ, ಆದರೆ ಹಳೆಯವುಗಳ ಪಕ್ಕದಲ್ಲಿ ಕೊಂಚ ಸಪ್ಪೆ. ಇಷ್ಟು ಸಾಕು, ತಟ್ಟೆಯ ವಿಷಯಕ್ಕೆ ಬರೋಣ, ಏಕೆಂದರೆ ಮಕ್ಕಳು ಕೇಳುವುದು ಅದನ್ನೇ. ಫೋನಿನಲ್ಲೇ ಎಲ್ಲ ಸಿಗುವಾಗ ಈ ಪ್ಲೇಟು ಯಾಕೆ ಸಾರ್?

ಮೊದಲು ಅದು ಹೇಗೆ ಆಗುತ್ತದೆ ನೋಡಿ. ಮೆರುಗೆಣ್ಣೆಯಂಥ ಲೇಪನವಿರುವ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಹರಿತವಾದ ಮೊನೆಯೊಂದು, ಸದ್ದಿಗೆ ತಕ್ಕಂತೆ ನಡುಗುತ್ತ, ಸುರುಳಿಯಾಗಿ ಗೀರು ಕೊರೆಯುತ್ತದೆ. ಅದರ ಮೇಲೆ ವಿದ್ಯುಲ್ಲೇಪನದಿಂದ ನಿಕ್ಕಲ್ ಪದರ ಕೂರಿಸಿ ಅಚ್ಚು ತೆಗೆಯುತ್ತಾರೆ. ಆ ಅಚ್ಚಿನಿಂದ ಬಿಸಿ ಪಿ.ವಿ.ಸಿ.ಯನ್ನು ಒತ್ತಿದರೆ ತಟ್ಟೆ ಸಿದ್ಧ. ಶಾಲಾ ಪುಸ್ತಕದ ವಿದ್ಯುಲ್ಲೇಪನ ಚಮಚಕ್ಕೆ ಮಾತ್ರವಲ್ಲ, ಸಂಗೀತಕ್ಕೂ ಬೇಕು. ಗೀರಿನ ಎರಡು ಗೋಡೆಗಳಲ್ಲಿ ಒಂದು ಎಡಕಿವಿಗೆ, ಇನ್ನೊಂದು ಬಲಕಿವಿಗೆ.

ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಒಂದು ಬದಿ ಇಪ್ಪತ್ತು ನಿಮಿಷವೆಂದರೆ ಸುಮಾರು 667 ಸುತ್ತು. ಗೀರಿನ ಸರಾಸರಿ ತ್ರಿಜ್ಯ 10 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಮುಳ್ಳು ಸವೆಸುವ ದಾರಿ ನಾನೂರು ಮೀಟರಿಗೂ ಹೆಚ್ಚು, ಕ್ರೀಡಾಂಗಣದ ಒಂದು ಪೂರ್ತಿ ಸುತ್ತು. ಇನ್ನೂ ಒಂದು ಸ್ವಾರಸ್ಯವಿದೆ. ಸುತ್ತುವ ದರ ಒಂದೇ ಆದರೂ ಅಂಚಿನಲ್ಲಿ ಗೀರು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡುತ್ತದೆ, ಒಳಭಾಗದಲ್ಲಿ 20ರ ಆಸುಪಾಸು. ಅಷ್ಟೇ ಸದ್ದನ್ನು ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ಅಡಕಬೇಕಾದ್ದರಿಂದ ಒಳಗೀರುಗಳಲ್ಲಿ ಗುಣಮಟ್ಟ ಇಳಿಯುತ್ತದೆ.

ಆದ್ದರಿಂದ ತಟ್ಟೆಯೇ ಶ್ರೇಷ್ಠ ಎನ್ನುವ ಶೋಕಿದಾರರ ಮಾತನ್ನು ಪೂರ್ತಿ ನಂಬಬೇಡಿ. ಅದರಲ್ಲೂ ಇಂಥ ಮೆಲುದನಿಯ ಸಂಗೀತದಲ್ಲಿ ಒಂದು ಧೂಳಿನ ಕಣವೂ ‘ಟಪ್’ ಎಂದು ಕೇಳಿಸುತ್ತದೆ. ಅಳತೆಗೋಲು ಹಿಡಿದರೆ ಸಿ.ಡಿ.ಯೇ ಹೆಚ್ಚು ನಿಖರ. ಹಾಗಿದ್ದರೂ ಅಮೆರಿಕದಲ್ಲಿ 2020ರಲ್ಲಿ ವಿನೈಲ್ ತಟ್ಟೆಗಳ ಆದಾಯ ಸಿ.ಡಿ.ಗಳದ್ದನ್ನು ಮೀರಿತು, 1980ರ ದಶಕದ ನಂತರ ಮೊದಲ ಬಾರಿಗೆ. ಕಾರಣ ನಿಖರತೆ ಅಲ್ಲ ಎಂದು ನನ್ನ ಅನಿಸಿಕೆ. ತಟ್ಟೆ ಹಾಕಿದವನು ಕೂರಬೇಕು. ಇಪ್ಪತ್ತು ನಿಮಿಷಕ್ಕೆ ಎದ್ದು ಮಗುಚಬೇಕು. ನಡುವೆ ಇನ್ನೊಂದು ಹಾಡಿಗೆ ಜಿಗಿಯಲು ಬೆರಳಾಡಿಸುವಂತಿಲ್ಲ. ಏಳಲಾರದೆ ಮಲಗಿ ಹಾರ್ಪ್ ಕೇಳಿದ ಈನೋ ಅವರ ಸ್ಥಿತಿಗೆ ಇದು ತಕ್ಕಮಟ್ಟಿಗೆ ಹತ್ತಿರ.

ಓದುವಾಗ ಹಾಡು

ಹೆತ್ತವರು ನನ್ನನ್ನು ಕೇಳುವ ಇನ್ನೊಂದು ಪ್ರಶ್ನೆ, ಮಗ ಕಿವಿಗೆ ಏನೋ ಸಿಕ್ಕಿಸಿಕೊಂಡೇ ಓದುತ್ತಾನೆ, ಬಿಡಬಹುದೇ ಎಂಬುದು. ಮನೋವಿಜ್ಞಾನದ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡದ್ದು ಇಷ್ಟು. ಓದಿ ನೆನಪಿಡುವ ಕೆಲಸಕ್ಕೆ ಹೆಚ್ಚು ಅಡ್ಡಿ ಮಾಡುವುದು ಮಾತು. ಮಾತಿರುವ ಹಾಡು ಪುಸ್ತಕದ ಮಾತಿನ ಜೊತೆ ಜಗಳವಾಡುತ್ತದೆ. ಟಿ.ವಿ. ಧಾರಾವಾಹಿ ಇನ್ನೂ ಕೆಟ್ಟದ್ದು. ಮಗನ ಇಯರ್‌ಫೋನ್ ಕಸಿದುಕೊಂಡು ಪಕ್ಕದ ಕೋಣೆಯಲ್ಲಿ ಧಾರಾವಾಹಿ ಹಾಕಿ ಕೂರುವ ತಂದೆತಾಯಿಗಳು ಇದನ್ನು ದಯವಿಟ್ಟು ಗಮನಿಸಬೇಕು. ಮಾತಿಲ್ಲದ ಮೆಲುಸಂಗೀತ ಅಷ್ಟು ತೊಂದರೆ ಕೊಡದು. ಹಾಗೆಂದು ಅದರಿಂದ ಅಂಕ ಏರುತ್ತದೆ ಎಂದು ಯಾರಾದರೂ ಮಾರಲು ಬಂದರೆ ಬಾಗಿಲು ಹಾಕಿಕೊಳ್ಳಿ.

2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದ ಸಂಜೆ ನಮ್ಮ ಶಾಲೆಯ ಸಭಾಂಗಣದಲ್ಲಿ ಮಕ್ಕಳೆಲ್ಲ ನೇರಪ್ರಸಾರ ನೋಡಿದರು. ಚಪ್ಪಾಳೆ, ಶಿಳ್ಳೆ, ಜೈಕಾರ, ಎಲ್ಲವೂ ಆಯಿತು, ಆಗಬೇಕಾದದ್ದೇ. ಮರುವಾರ ಒಂಬತ್ತನೇ ತರಗತಿಯನ್ನು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಿ ಕಿಟಕಿ ಮುಚ್ಚಿಸಿ, ಅಪೋಲೋ ಯಾನದ ಫಿಲಂ ತುಣುಕೊಂದನ್ನು ಸದ್ದಿಲ್ಲದೆ ತೋರಿಸಿದೆ. ನಂತರ ಪರದೆಯನ್ನೂ ಆರಿಸಿ ಈ ಧ್ವನಿಮುದ್ರಿಕೆಯ ಕೊನೆಯ ರಚನೆ ‘ಸ್ಟಾರ್ಸ್’ ಹಾಕಿದೆ. ತಟ್ಟೆ ಕೊಳ್ಳುವ ಚೈತನ್ಯ ಶಾಲೆಗಿಲ್ಲ, ಕಂಪ್ಯೂಟರಿನ ಸ್ಪೀಕರೇ ಗತಿ. ಕಣ್ಣು ಮುಚ್ಚಿಕೊಂಡು ಕೇಳಿ, ಸಂಗೀತ ನಿಂತಿತು ಎನಿಸಿದಾಗ ಕೈ ಎತ್ತಿ ಎಂದಷ್ಟೇ ಹೇಳಿದ್ದೆ.

ಎಂಟು ನಿಮಿಷದ ಆ ರಚನೆ ಮೆಲ್ಲಗೆ ಕರಗುತ್ತ ಹೋಗುತ್ತದೆ. ಮೊದಲ ಕೈ ಎದ್ದದ್ದು ಮುಂದಿನ ಬೆಂಚಿನಲ್ಲಿ. ಆಮೇಲೆ ಅಲ್ಲೊಂದು ಇಲ್ಲೊಂದು. ಸ್ಪೀಕರ್ ಪೂರ್ತಿ ಸುಮ್ಮನಾಗಿ ಹತ್ತು ಸೆಕೆಂಡು ಕಳೆದರೂ ಹಿಂದಿನ ಸಾಲಿನ ಇಬ್ಬರು ಹುಡುಗಿಯರ ಕೈ ಇನ್ನೂ ಕೆಳಗೇ ಇತ್ತು. ಕಣ್ಣು ಬಿಟ್ಟ ಮೇಲೆ ಕೇಳಿದೆ, ಏನಮ್ಮಾ, ಇನ್ನೂ ಕೇಳಿಸುತ್ತಿತ್ತೇ ಎಂದು. ‘ಹೌದು ಸಾರ್, ಸಣ್ಣಗೆ ಗುಂಯ್ ಅಂತ ಬರ್ತಾ ಇತ್ತು’ ಎಂದಳು ಒಬ್ಬಳು. ಅದು ಪಕ್ಕದ ತರಗತಿಯ ಫ್ಯಾನಿನ ಸದ್ದು. ಆ ಫ್ಯಾನು ಜೂನ್ ತಿಂಗಳಿನಿಂದಲೂ ಹಾಗೇ ಸದ್ದು ಮಾಡುತ್ತಿತ್ತು.